ಪದ ಪರಿಚಯ: ನಿಲ್ದಾಣದ ಹೆಸರಿನಲ್ಲಿರುವ ‘ರೋಡ್’

ಕಲಬುರಗಿಯಿಂದ ಸೊಲ್ಲಾಪುರದ ಕಡೆಗೆ ರೈಲಿನಲ್ಲಿ ಹೊರಟರೆ ದಾರಿಯಲ್ಲಿ ‘ಗಾಣಗಾಪುರ ರೋಡ್’ ನಿಲ್ದಾಣ ಸಿಗುತ್ತದೆ. ದತ್ತಾತ್ರೇಯನ ಗುಡಿ ಇಲ್ಲೇ ಹತ್ತಿರದಲ್ಲಿರಬೇಕು ಎಂದುಕೊಂಡು ಇಳಿದವರಿಗೆ, ಅದು ಇನ್ನೂ ಸುಮಾರು 20 ಕಿ.ಮೀ. ದೂರದಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ಇದೆಯೆಂಬುದು ಆಮೇಲೆ ತಿಳಿಯುತ್ತದೆ. ರೈಲು ನಿಲ್ದಾಣಗಳ ಹೆಸರಿನ ಕೊನೆಗೆ ಬರುವ ‘ರೋಡ್’ ಎಂಬ ಪದಕ್ಕೆ ಸಾಮಾನ್ಯವಾಗಿ ಇರುವ ಅರ್ಥ ಇದೇ: ಆ ಊರಿಗೆ ಹೋಗಬೇಕಾದವರು ಇಲ್ಲಿ ಇಳಿದು ರಸ್ತೆ ಹಿಡಿಯಬೇಕು.

ರಾಯಚೂರು ದಾಟಿದ ಮೇಲೆ ಇದೇ ಮಾರ್ಗದಲ್ಲಿ ಬರುವ ಮಂತ್ರಾಲಯಂ ರೋಡ್, ಕುಕ್ಕೆಗೆ ಹೋಗುವವರು ಇಳಿಯುವ ಸುಬ್ರಹ್ಮಣ್ಯ ರೋಡ್, ರಾಜಸ್ಥಾನದ ಅಬು ರೋಡ್ ಎಲ್ಲವೂ ಈ ಬಗೆಯ ಹೆಸರುಗಳೇ. ನಮ್ಮ ಭಾಗದ ಈ ಹಳಿಯನ್ನು ಹಾಕಿದ್ದು ಮುಂಬೈ ಮತ್ತು ಮದ್ರಾಸುಗಳನ್ನು ಜೋಡಿಸುವುದಕ್ಕೆ. ಎರಡೂ ಕಡೆಯಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ನೇರ ದಾರಿಯಿಂದ ದೂರ ಉಳಿದ ಕ್ಷೇತ್ರಗಳಿಗೆ ‘ರೋಡ್’ ಒದಗಿತು.

ನಿಲ್ದಾಣದಿಂದ ಊರಿಗೆ ತಲುಪಿಸುವ ಈ ವ್ಯವಸ್ಥೆಯನ್ನು ಸಾರಿಗೆ ತಜ್ಞರು ‘ಕೊನೆಯ ಹಂತದ ಸಂಪರ್ಕ’ ಎನ್ನುತ್ತಾರೆ. ಭಾರತದಂಥ ದೊಡ್ಡ ದೇಶದಲ್ಲಿ ಪ್ರವಾಸಿಯನ್ನು ಸಾವಿರ ಕಿ.ಮೀ. ಕರೆತರುವ ಕೆಲಸ ರೈಲಿನದು, ವಿಮಾನದ್ದು. ವಾಡಿಯಂಥ ಜಂಕ್ಷನ್ ಅವನನ್ನು ಸಿಕಂದರಾಬಾದ್ ಮಾರ್ಗದಿಂದ ಮುಂಬೈ ಮಾರ್ಗಕ್ಕೆ ದಾಟಿಸುತ್ತದೆ. ಆದರೆ ಆ ಪ್ರವಾಸ ಸುಖವಾಯಿತೋ ತ್ರಾಸವಾಯಿತೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಕೊನೆಯ ಇಪ್ಪತ್ತು ಕಿ.ಮೀ. ಎಂದೇ ನನ್ನ ಖಚಿತ ಅಭಿಪ್ರಾಯ.

ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತು ದತ್ತನೇ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿದೆ. ಆ ವೇಳೆಗೆ ಭಕ್ತರು ಜೋಳಿಗೆ ಹಿಡಿದು ಮಧುಕರಿ, ಅಂದರೆ ಭಿಕ್ಷೆಯ ಊಟ, ಬೇಡುತ್ತಾರೆ. ಮಹಾರಾಷ್ಟ್ರದಿಂದ ರಾತ್ರಿಯಿಡೀ ರೈಲಿನಲ್ಲಿ ಬಂದ ಮುದುಕಿಯೊಬ್ಬಳು ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಲ್ದಾಣದ ಹೊರಗೆ ಬಸ್ಸಿಗಾಗಿ ಕಾಯುತ್ತಿದ್ದರೆ, ಅವಳ ಕಣ್ಣು ಮೇಲೇರುತ್ತಿರುವ ಹೊತ್ತಿನ ಮೇಲೆಯೇ ಇರುತ್ತದೆ. ರೈಲು ಬಂದ ಸ್ವಲ್ಪ ಹೊತ್ತಿಗೇ ಬಸ್ಸು ಹೊರಟರೆ ಅವಳಿಗೆ ಮಧುಕರಿ ಸಿಗುತ್ತದೆ. ಇಲ್ಲವಾದರೆ ಟಂಟಂ ಅಥವಾ ಕ್ರೂಸರ್ ತುಂಬುವ ತನಕ ಕಾಯಬೇಕು, ಇಲ್ಲವೇ ಒಬ್ಬಳೇ ಇಡೀ ಗಾಡಿಯ ಬಾಡಿಗೆ ಕೊಡಬೇಕು. ರೈಲಿನ ವೇಳೆಗೆ ಬಸ್ಸಿನ ವೇಳೆ ಹೊಂದಿಸುವುದಕ್ಕೆ ಹೊಸ ಹಳಿ ಬೇಕಿಲ್ಲ, ಹೊಸ ರಸ್ತೆಯೂ ಬೇಕಿಲ್ಲ.

ಮುಖ್ಯ ಮಾರ್ಗವೇ ಇಲ್ಲದಿದ್ದಾಗಿನ ಕಷ್ಟ ಬೇರೆ. ಕಲಬುರಗಿ, ಬೀದರ್ ಎರಡೂ ಬಹಮನಿ ಅರಸರ ರಾಜಧಾನಿಗಳು. ಒಂದರ ಕೋಟೆ ಕಂಡವರಿಗೆ ಇನ್ನೊಂದನ್ನೂ ಕಾಣುವ ಆಸೆ ಸಹಜ. ಆದರೂ ರೈಲಿನಲ್ಲಿ ಹೋಗುವವರು ವಿಕಾರಾಬಾದ್ ಸುತ್ತಿಕೊಂಡೇ ಹೋಗಬೇಕಿತ್ತು. ಸುಮಾರು 110 ಕಿ.ಮೀ. ಉದ್ದದ ನೇರ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. 2019ರ ನವೆಂಬರಿನಲ್ಲಿ ಕಲಬುರಗಿಗೆ, 2020ರ ಫೆಬ್ರವರಿಯಲ್ಲಿ ಬೀದರಿಗೆ ವಿಮಾನಗಳೂ ಬಂದವು.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಮಾತ್ರ ‘ಸನ್ನತಿ ರೋಡ್’ ಎಂಬ ನಿಲ್ದಾಣವಿಲ್ಲ. ಅಶೋಕನ ಶಾಸನ ದೊರೆತ ಊರದು. ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪವೊಂದರಲ್ಲಿ ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹದೊಡನೆ ಸಾಮ್ರಾಟನೇ ನಿಂತಿದ್ದಾನೆ. ಅವನನ್ನು ನೋಡಲು ದೂರದಿಂದ ಬರುವವರು ಯಾವ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆಯೇ ಒಂದು ಫಲಕದಲ್ಲಿ ಬರೆದು ಹಾಕಬೇಕು.