ಆರು ಕೋರ್ಟ್, ಇಬ್ಬರು ಕೋಚ್: ಅಸಿಸ್ಟೆಂಟ್‌ಗಳ ಸಂಬಳದ ಹಿಂದಿನ ಕಥೆ

ಅಮೆರಿಕದಲ್ಲಿ ಕಾಲೇಜು ಟೆನಿಸ್ ಎಂದರೆ ತಂಡದ ಆಟ. ಮೊದಲು ಮೂರು ಡಬಲ್ಸ್, ಎರಡು ಗೆದ್ದ ತಂಡಕ್ಕೆ ಒಂದು ಪಾಯಿಂಟ್. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೂ ಒಂದು ಪಾಯಿಂಟ್. ಮೊದಲು ನಾಲ್ಕು ಪಾಯಿಂಟ್ ತಲುಪಿದವರು ಗೆದ್ದಂತೆ. ಆರೂ ಸಿಂಗಲ್ಸ್ ಸಾಮಾನ್ಯವಾಗಿ ಒಟ್ಟಿಗೇ ನಡೆಯುತ್ತವೆ. ಆಟದ ನಡುವೆ ಕೋಚ್ ಕೋರ್ಟಿಗೇ ಹೋಗಿ ಸಲಹೆ ಕೊಡಬಹುದು. ಮುಖ್ಯ ಕೋಚ್ ಒಬ್ಬರೇ ಆರೂ ಕಡೆ ಇರಲು ಆಗುವುದಿಲ್ಲ ಅಲ್ವಾ? ಅಲ್ಲೇ ಅಸಿಸ್ಟೆಂಟ್ ಕೋಚ್ ಬೇಕಾಗುವುದು.

ಕೋರ್ಟಿನ ಹೊರಗೂ ಕೆಲಸ ಮುಗಿಯುವುದಿಲ್ಲ. ಮಹಿಳಾ ತಂಡವಾದರೆ ಹೊಸ ಹುಡುಗಿಯರನ್ನು ಹುಡುಕಬೇಕು, ದೂರದ ದೇಶದ ಜೂನಿಯರ್‌ಗಳ ವಿಡಿಯೋ ನೋಡಬೇಕು, ಎದುರಾಳಿಗಳ ಆಟ ಬರೆದಿಡಬೇಕು, ಪ್ರಯಾಣ, ಊಟ, ಹೋಟೆಲ್ ಹೊಂದಿಸಬೇಕು. ಸೀಸನ್‌ನಲ್ಲಿ ಆಟಗಾರ್ತಿಯರ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಕೋಚ್‌ಗೆ ಅಂಥ ಮಿತಿ ಇಲ್ಲ.

ಈ ಹುದ್ದೆಯ ಬೇರು 1972ರ 'ಟೈಟಲ್ ನೈನ್' ಕಾನೂನಿನಲ್ಲಿದೆ. ಸರ್ಕಾರದ ಹಣ ಪಡೆಯುವ ಕಾಲೇಜುಗಳು ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂದಿತು ಅದು. ಮಹಿಳಾ ತಂಡಗಳಿಗೆ ದುಡ್ಡು ಬರತೊಡಗಿತು. 1982ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ನಡೆಸಿದ ಮೊದಲ ಮಹಿಳಾ ಟೆನಿಸ್ ಚಾಂಪಿಯನ್‌ಷಿಪ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲಾಯಿತು. ಬೇಸರದ ಸಂಗತಿ ಎಂದರೆ, 1972ರಲ್ಲಿ ಎಲ್ಲ ಕ್ರೀಡೆಗಳ ಮಹಿಳಾ ತಂಡಗಳಲ್ಲಿ ಶೇ 90ಕ್ಕಿಂತ ಜಾಸ್ತಿ ಕಡೆ ಕೋಚ್ ಹೆಂಗಸರೇ ಇದ್ದರು. ಸಂಬಳ ಏರಿದಂತೆ ಗಂಡಸರು ಬಂದರು, ಆ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಹಾಗಾಗಿ ಮುಖ್ಯ ಕೋಚ್ ಆಗಬಯಸುವ ಹೆಂಗಸರಿಗೆ ಅಸಿಸ್ಟೆಂಟ್ ಹುದ್ದೆ ಮುಖ್ಯವಾದ ಮೆಟ್ಟಿಲು. ಲೀಲೀ ಫರೂದ್ ಸ್ಟ್ಯಾನ್‌ಫರ್ಡ್‌ನಲ್ಲಿ ಮುಖ್ಯ ಕೋಚ್ ಫ್ರಾಂಕ್ ಬ್ರೆನನ್ ಅವರ ಕೈಕೆಳಗೆ ಹಲವು ವರ್ಷ ಅಸಿಸ್ಟೆಂಟ್ ಆಗಿದ್ದರು. 2000ದಲ್ಲಿ ಮುಖ್ಯ ಕೋಚ್ ಆದ ಮೇಲೆ ತಂಡಕ್ಕೆ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು.

ಆದರೆ ಆ ಮೆಟ್ಟಿಲಲ್ಲಿ ನಿಂತು ಬದುಕುವುದು ಹೇಗೆ? 1990ರ ದಶಕದ ಆರಂಭದಲ್ಲಿ ಎನ್‌ಸಿಎಎ ಖರ್ಚು ಇಳಿಸಲು ಹೊರಟಿತು. ಒಂದು ದರ್ಜೆಯ ಅಸಿಸ್ಟೆಂಟ್‌ಗಳಿಗೆ ವರ್ಷಕ್ಕೆ 16,000 ಡಾಲರ್‌ಗಿಂತ ಹೆಚ್ಚು ಕೊಡಬಾರದೆಂದು ನಿಯಮ ಮಾಡಿತು. ಬಾಸ್ಕೆಟ್‌ಬಾಲ್ ಕೋಚ್‌ಗಳು ನ್ಯಾಯಾಲಯಕ್ಕೆ ಹೋದರು. ಸಂಬಳಕ್ಕೆ ಕಾಲೇಜುಗಳೆಲ್ಲ ಸೇರಿ ಮಿತಿ ಹಾಕುವುದು ಕಾನೂನುಬಾಹಿರ ಎಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಮರುವರ್ಷ 54.5 ಮಿಲಿಯನ್ ಡಾಲರ್‌ಗೆ ರಾಜಿಯಾಯಿತು.

ಆ ತೀರ್ಪಿನ ಬಳಿಕವೂ 'ವಾಲಂಟಿಯರ್ ಕೋಚ್' ಎಂಬ ಹುದ್ದೆ ಉಳಿಯಿತು. ಟೆನಿಸ್‌ನಲ್ಲಿ ಆಗ ಸಂಬಳದ ಕೋಚ್‌ಗಳು ಇಬ್ಬರೇ ಇರಬಹುದಿತ್ತು. ಮೂರನೆಯವರು ಕೂಡ ದಿನವಿಡೀ ದುಡಿಯಬಹುದಿತ್ತು, ಕಾಲೇಜು ಮಾತ್ರ ಸಂಬಳ ಕೊಡುವಂತಿರಲಿಲ್ಲ. ಕ್ಯಾಂಪ್, ಖಾಸಗಿ ಪಾಠಗಳಿಂದಲೇ ಅವರ ಜೀವನ. ಇದು ಸರಿಯಲ್ಲ ಅನ್ನಲು ಯಾವ ವಾದವೂ ಬೇಕಿಲ್ಲ. 2023ರ ಜುಲೈ 1ರಿಂದ ಈ ಹುದ್ದೆ ರದ್ದಾಯಿತು. ಮೂರನೆಯವರಿಗೂ ಸಂಬಳ ಕೊಡಲು ದಾರಿ ತೆರೆಯಿತು. ಕೊಡಲೇಬೇಕೆಂಬ ಕಡ್ಡಾಯವೇನೂ ಇಲ್ಲ. ಅದು ಆಯಾ ಕಾಲೇಜಿನ ಬಜೆಟ್‌ಗೆ ಬಿಟ್ಟದ್ದು.