ದೇವರು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡನೇ?

ಓದುಗರ ಪ್ರಶ್ನೆ: ನಾನು ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಯೇಸು ಸ್ವಾಮಿ ಹೊಸ ಒಡಂಬಡಿಕೆಯನ್ನು ಮಾಡಿದ್ದರಿಂದ ಹಳೆಯದು ಮುಗಿದುಹೋಯಿತು ಎಂದು ಹೇಳಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಹಾಗಾದರೆ ದೇವರು ಯೆಹೂದ್ಯರಿಗೆ ಕೊಟ್ಟ ಮಾತಿಗೆ ತಪ್ಪಿದನೇ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಬೇಕು?

ಉತ್ತರ: ಆ ಹುಡುಗಿಗೆ ಮೊದಲು ನನ್ನ ಮೆಚ್ಚುಗೆಯನ್ನು ತಿಳಿಸಿ. ಅವಳು ಕೇಳಿದ್ದನ್ನು ಅಪೊಸ್ತಲನಾದ ಪೌಲನೇ ಕೇಳಿದ್ದಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ಶುರುವಾಗುವುದೇ ಹಾಗೆ: ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ? ಉತ್ತರಕ್ಕಾಗಿ ಅವನು ನಮ್ಮನ್ನು ಕಾಯಿಸುವುದಿಲ್ಲ. ಎಂದಿಗೂ ಇಲ್ಲ, ನಾನೂ ಇಸ್ರಾಯೇಲ್ಯನೇ, ಅಬ್ರಹಾಮನ ಸಂತತಿಯವನೇ ಎನ್ನುತ್ತಾನೆ. ದೇವರು ಕೊಟ್ಟ ವರಗಳೂ ಅವನ ಕರೆಯೂ ಹಿಂದಕ್ಕೆ ತೆಗೆದುಕೊಳ್ಳುವಂಥವಲ್ಲ ಎಂದು 29ನೇ ವಚನದಲ್ಲಿ ಮುದ್ರೆಯನ್ನೂ ಒತ್ತುತ್ತಾನೆ. ನೇರ ಉತ್ತರ ಬೇಕಿದ್ದರೆ ಇಷ್ಟು ಸಾಕು: ದೇವರು ಮಾತಿಗೆ ತಪ್ಪಿಲ್ಲ. ಹಾಗಾದರೆ ಹೊಸದು ಎಂದರೇನು, ಇಬ್ರಿಯರಿಗೆ ಬರೆದ ಪತ್ರಿಕೆ ಮೊದಲನೆಯದು ಹಳತಾಯಿತು ಎಂದು ಏಕೆ ಹೇಳುತ್ತದೆ ಎಂದು ಅವಳು ಮರುಪ್ರಶ್ನೆ ಹಾಕಿದರೆ ಮಾತ್ರ ಉತ್ತರ ಉದ್ದವಾಗುತ್ತದೆ. ಕ್ರೈಸ್ತರಲ್ಲೇ ಇಂದಿಗೂ ಒಮ್ಮತವಿಲ್ಲದ ವಿಷಯ ಅದು.

ನಿಮ್ಮ ಪಾಠದಲ್ಲಿ ಆದ ಗೊಂದಲಕ್ಕೆ ನಮ್ಮ ಭಾಷೆಯದೂ ಒಂದಿಷ್ಟು ಪಾಲಿದೆ ಎಂದು ನನಗನಿಸುತ್ತದೆ. ಇಂಗ್ಲಿಷಿನಲ್ಲಿ ಗ್ರಂಥದ ಭಾಗಕ್ಕೆ ಟೆಸ್ಟಮೆಂಟ್, ದೇವರು ಜನರೊಂದಿಗೆ ಮಾಡಿಕೊಂಡ ಕರಾರಿಗೆ ಕವೆನೆಂಟ್ ಎಂದು ಎರಡು ಹೆಸರುಗಳು ಬಳಕೆಯಲ್ಲಿವೆ. ಕನ್ನಡ ಸತ್ಯವೇದದಲ್ಲಿ ಎರಡಕ್ಕೂ ‘ಒಡಂಬಡಿಕೆ’ಯೇ. ಮೂಲಕ್ಕೆ ಹತ್ತಿರವಾಗಿರುವುದು ನಮ್ಮದೇ, ಅದರಲ್ಲಿ ಅನುಮಾನವಿಲ್ಲ. ಹೀಬ್ರೂವಿನ ಬೆರೀತ್ ಎಂಬ ಪದ ಗ್ರೀಕಿನಲ್ಲಿ ದಿಯಾಥೇಕೆ ಆಯಿತು, ಲ್ಯಾಟಿನ್ನಿನಲ್ಲಿ ಟೆಸ್ಟಮೆಂಟುಮ್ ಆಯಿತು. ಗ್ರಂಥಭಾಗದ ಹೆಸರು ಹುಟ್ಟಿದ್ದೂ ಅದರಿಂದಲೇ. ಆದರೆ ಈ ಒಂದೇ ಪದದಿಂದಾಗಿ ‘ಹಳೆಯ ಒಡಂಬಡಿಕೆ ಮುಗಿಯಿತು’ ಎಂದೊಡನೆ ಕೇಳುವವರ ಮನಸ್ಸಿನಲ್ಲಿ ಆದಿಕಾಂಡದಿಂದ ಮಲಾಕಿಯವರೆಗಿನ ಅಷ್ಟೂ ಪುಟಗಳು, ಅವುಗಳೊಂದಿಗೆ ಆ ಜನರೂ, ಒಮ್ಮೆಗೇ ಮುಗಿದುಹೋಗುತ್ತಾರೆ.

ಮುಗಿಯಿತು ಎಂದು ಹೇಳುವುದು ಯಾವುದನ್ನು? ಆ ಪುಟಗಳಲ್ಲಿ ಒಡಂಬಡಿಕೆ ಒಂದೇ ಇಲ್ಲ. ಅಬ್ರಹಾಮನೊಂದಿಗೆ ಆದದ್ದು ಒಂದು, ಸೀನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ಆದದ್ದು ಇನ್ನೊಂದು, ದಾವೀದನ ಮನೆತನಕ್ಕೆ ಕೊಟ್ಟ ಮಾತು ಮತ್ತೊಂದು. ಪೌಲನು ರೋಮಾಪುರದವರಿಗೆ ಬರೆಯುತ್ತಾ ಒಡಂಬಡಿಕೆಗಳು ಎಂದು ಬಹುವಚನದಲ್ಲೇ ಹೇಳುತ್ತಾನೆ (9:4), ಅವು ಇಸ್ರಾಯೇಲ್ಯರವು ಎನ್ನುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ 430 ವರ್ಷಗಳ ನಂತರ ಬಂದ ಧರ್ಮಶಾಸ್ತ್ರವು ಅಬ್ರಹಾಮನಿಗೆ ಕೊಟ್ಟ ವಾಗ್ದಾನವನ್ನು ರದ್ದುಮಾಡಲಾರದು ಎಂದು ವಾದಿಸುತ್ತಾನೆ. ಹಾಗೆಂದು ಸೀನಾಯಿಯ ಒಡಂಬಡಿಕೆಯ ಬಗ್ಗೆ ಅವನು ಮೆತ್ತಗೆ ಮಾತನಾಡುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅದರ ಪ್ರಭೆ ಕುಂದಿಹೋಗುವಂಥದ್ದು, ಅದನ್ನು ಓದುವಾಗ ಹೃದಯದ ಮೇಲೆ ಮುಸುಕು ಬೀಳುತ್ತದೆ ಎಂದು ಬರೆದವನೂ ಅವನೇ. ಪೌಲನಲ್ಲಿರುವ ಈ ಎಳೆದಾಟವನ್ನು ಮಕ್ಕಳಿಂದ ಬಚ್ಚಿಡಬೇಡಿ.

ಹೊಸ ಒಡಂಬಡಿಕೆ ಎಂಬ ಮಾತು ಮೊದಲು ಬರುವ ಜಾಗಕ್ಕೆ ಈಗ ಹೋಗೋಣ. ಅದು ಯೆರೆಮೀಯನ 31ನೇ ಅಧ್ಯಾಯ. ಬಾಬಿಲೋನಿನ ಸೈನ್ಯದ ಎದುರು ಯೆಹೂದ ರಾಜ್ಯ ಕುಸಿಯುತ್ತಿದ್ದ ಕಾಲ. ಕ್ರಿಸ್ತಪೂರ್ವ 587ರ ಸುಮಾರಿಗೆ ಯೆರೂಸಲೇಮಿನ ದೇವಾಲಯವೇ ನೆಲಸಮವಾಯಿತು. ಜನರು ಕರಾರನ್ನು ಮುರಿದಿದ್ದಾರೆ ಎಂದು ಪ್ರವಾದಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆ ಅವಶೇಷಗಳ ನಡುವೆಯೇ ದೇವರು ಹೊಸ ಒಡಂಬಡಿಕೆಯನ್ನು ಮಾಡುವನೆಂದು ಸಾರುತ್ತಾನೆ. ಯಾರೊಂದಿಗೆ? ಇಸ್ರಾಯೇಲ್ ವಂಶದವರೊಂದಿಗೆ ಮತ್ತು ಯೆಹೂದ ವಂಶದವರೊಂದಿಗೆ. ಆ ವಚನದಲ್ಲಿ ಬೇರೆ ಜನಾಂಗದ ಹೆಸರೇ ಇಲ್ಲ. ಬರೆಯಲಾಗುವುದೂ ಹೊಸ ಶಾಸ್ತ್ರವಲ್ಲ. ಅದೇ ಧರ್ಮಶಾಸ್ತ್ರವನ್ನು ಕಲ್ಲಿನ ಬದಲು ಹೃದಯದ ಮೇಲೆ ಬರೆಯುವುದಾಗಿ ದೇವರು ಹೇಳುತ್ತಾನೆ. ನಮ್ಮ ಓದು ಸಾಮಾನ್ಯವಾಗಿ 34ನೇ ವಚನಕ್ಕೆ ನಿಂತುಬಿಡುತ್ತದೆ. ಮುಂದಿನ ಮೂರು ವಚನಗಳಲ್ಲಿ ದೇವರು ಆಣೆಯಂಥ ಮಾತನ್ನಾಡುತ್ತಾನೆ: ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ತಪ್ಪುವುದಾದರೆ ಮಾತ್ರ ಇಸ್ರಾಯೇಲ್ ಜನಾಂಗವಾಗಿ ಉಳಿಯದೆ ಹೋದೀತು. ಕಡೆಯ ಭೋಜನದಲ್ಲಿ ಯೇಸು ಸ್ವಾಮಿ ಪಾತ್ರೆಯನ್ನು ಎತ್ತಿಕೊಂಡು ಹೊಸ ಒಡಂಬಡಿಕೆ ಎಂದಾಗ (ಲೂಕ 22:20) ಸುತ್ತ ಕುಳಿತಿದ್ದ ಹನ್ನೆರಡೂ ಮಂದಿ ಯೆಹೂದ್ಯರು. ಯೆರೆಮೀಯನ ಮಾತು ಅವರ ಮನೆಯದೇ ಆಗಿತ್ತು. ನಾವು ಅನ್ಯಜನರು ಆ ಮೇಜಿಗೆ ತಡವಾಗಿ ಬಂದವರು.

ಇಬ್ರಿಯರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಇದೇ ಯೆರೆಮೀಯನ ಮಾತನ್ನು ಉದ್ದಕ್ಕೂ ಉಲ್ಲೇಖಿಸಿ, ಹೊಸದು ಎಂದು ಹೇಳಿದ್ದರಿಂದಲೇ ಮೊದಲನೆಯದನ್ನು ಹಳೆಯದಾಗಿ ಮಾಡಿದ್ದಾನೆ, ಹಳತಾಗಿ ಮುದಿಯಾದದ್ದು ಅಳಿದುಹೋಗುವುದಕ್ಕೆ ಸಮೀಪವಾಗಿದೆ ಎನ್ನುತ್ತದೆ. ಹಳೆಯ ಒಡಂಬಡಿಕೆ ರದ್ದಾಯಿತು ಎನ್ನುವವರ ಗಟ್ಟಿ ಆಧಾರ ಇದು. ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆದರೆ ಆ ಪತ್ರಿಕೆಯ ಹಿಂದುಮುಂದಿನ ಅಧ್ಯಾಯಗಳು ಮಾತನಾಡುವುದು ಮಹಾಯಾಜಕನ ಬಗ್ಗೆ, ಗುಡಾರದ ಬಗ್ಗೆ, ಹೋರಿ ಮೇಕೆಗಳ ರಕ್ತದ ಬಗ್ಗೆ. ಯಜ್ಞದ ವ್ಯವಸ್ಥೆಯ ಕುರಿತ ವಾದ ಅದು. ಆ ಜನರನ್ನು ದೇವರು ಕೈಬಿಟ್ಟನು ಎಂಬ ಮಾತು ಅಲ್ಲಿಲ್ಲ. ವ್ಯವಸ್ಥೆಯ ಕುರಿತು ಹೇಳಿದ್ದನ್ನು ಜನರ ಮೇಲೆ ಹೊರಿಸಿದ್ದು ನಂತರದವರು ಎಂಬುದು ನನ್ನ ತಿಳಿವಳಿಕೆ.

ಹಾಗೆ ಹೊರಿಸಿದ ಕಥೆ ನೋವಿನದು. ಎರಡನೆಯ ಶತಮಾನದ ಮಧ್ಯದಲ್ಲಿ ಹುತಾತ್ಮ ಜಸ್ಟಿನ್, ಟ್ರೈಫೋ ಎಂಬ ಯೆಹೂದ್ಯನೊಂದಿಗಿನ ಸಂವಾದವನ್ನು ಬರೆಯುತ್ತಾ, ನಿಜವಾದ ಆತ್ಮಿಕ ಇಸ್ರಾಯೇಲ್ ನಾವೇ ಎಂದನು. ಸಾರ್ದಿಸಿನ ಬಿಷಪ್ ಮೆಲಿಟೋ ತನ್ನ ಪಾಸ್ಕ ಹಬ್ಬದ ಪ್ರಸಂಗದಲ್ಲಿ ಇಸ್ರಾಯೇಲ್ ದೇವರನ್ನೇ ಕೊಂದಿತು ಎಂಬ ಆರೋಪವನ್ನು ಹೊರಿಸಿದನು. ಇದಕ್ಕೂ ಮುಂದೆ ಹೋದವನು ಅದೇ ಶತಮಾನದ ಬೋಧಕ ಮಾರ್ಸಿಯೋನ್. ಯೆಹೂದ್ಯರ ದೇವರೇ ಬೇರೆ, ಅವರ ಗ್ರಂಥವೇ ನಮಗೆ ಬೇಡ ಎಂದನು. ರೋಮಿನ ಸಭೆ 144ರಲ್ಲಿ ಅವನನ್ನು ಹೊರಹಾಕಿತು. ಸಭೆಯ ಆ ತೀರ್ಮಾನದಿಂದಲೇ ಇಂದು ನಮ್ಮ ಕೈಯಲ್ಲಿ ಕೀರ್ತನೆಗಳೂ ಯೆಶಾಯನೂ ಇವೆ. ಗ್ರಂಥವನ್ನು ಇಟ್ಟುಕೊಂಡ ಸಭೆ ಅದರ ಜನರನ್ನು ಮಾತ್ರ ಹೊರಗೇ ನಿಲ್ಲಿಸಿತು. 386-387ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತೊಮ್ ಯೆಹೂದ್ಯರ ವಿರುದ್ಧ ಮಾಡಿದ ಪ್ರಸಂಗಗಳನ್ನು ಇಂದು ಓದಿದರೆ ಎದೆ ನಡುಗುತ್ತದೆ. ಯೆಹೂದ್ಯರು ಬದುಕಿರಬೇಕು, ನಮ್ಮ ಗ್ರಂಥಗಳಿಗೆ ಸಾಕ್ಷಿಗಳಾಗಿ ಚದುರಿಕೊಂಡಿರಬೇಕು ಎಂದ ಅಗಸ್ಟಿನ್ ಅವರಿಗೆ ಜೀವ ಉಳಿಸಿಕೊಟ್ಟನು, ಗೌರವವನ್ನು ಕೊಡಲಿಲ್ಲ.

ಸ್ಟ್ರಾಸ್‌ಬರ್ಗ್ ಕೆಥೀಡ್ರಲಿಗಾಗಿ 13ನೇ ಶತಮಾನದಲ್ಲಿ ಕೆತ್ತಿದ ಇಬ್ಬರು ಹೆಂಗಸರ ಶಿಲ್ಪಗಳಿವೆ. ಒಬ್ಬಳು ಕಿರೀಟ ತೊಟ್ಟ ಸಭೆ. ಇನ್ನೊಬ್ಬಳು ಸಿನಗಾಗ್, ಅಂದರೆ ಯೆಹೂದ್ಯರ ಸಭಾಮಂದಿರ: ಕಣ್ಣಿಗೆ ಬಟ್ಟೆ ಕಟ್ಟಿದೆ, ಭರ್ಜಿ ಮುರಿದಿದೆ, ಶಾಸ್ತ್ರದ ಹಲಗೆ ಕೈಯಿಂದ ಜಾರುವಂತಿದೆ. ಪೌಲನು ಹೇಳಿದ ಮುಸುಕು ಇಲ್ಲಿ ಸೋತವಳ ಕಣ್ಣುಪಟ್ಟಿಯಾಗಿದೆ. ಓದು ಬಾರದವರೂ ನೋಡಿ ಕಲಿತ ದೇವಶಾಸ್ತ್ರ ಇದು. ಮಾರ್ಟಿನ್ ಲೂಥರ್ 1523ರಲ್ಲಿ ಯೇಸು ಹುಟ್ಟಿನಿಂದ ಯೆಹೂದ್ಯನೆಂದು ಒತ್ತಿ ಬರೆದವರು. 1543ರ ಹೊತ್ತಿಗೆ ಯೆಹೂದ್ಯರ ಸಿನಗಾಗುಗಳನ್ನು ಸುಡಬೇಕೆಂದು ಬರೆದರು. 1933ರ ನವೆಂಬರ್ 13ರಂದು ಬರ್ಲಿನ್ನಿನ ಸ್ಪೋರ್ಟ್‌ಪಲಾಸ್ಟ್ ಸಭಾಂಗಣದಲ್ಲಿ ನಾಜಿ ಪರವಾದ ‘ಜರ್ಮನ್ ಕ್ರೈಸ್ತರು’ ಹಳೆಯ ಒಡಂಬಡಿಕೆಯಿಂದಲೇ ಬಿಡುಗಡೆ ಬೇಕೆಂದು ಕೂಗಿದರು. 144ರಲ್ಲಿ ಹೊರಹಾಕಿದ್ದ ಮಾರ್ಸಿಯೋನ್ ಪುನಃ ಒಳಗೆ ಬಂದಿದ್ದನು.

ನಾಜಿಗಳು ನಡೆಸಿದ ಯೆಹೂದ್ಯರ ಹತ್ಯಾಕಾಂಡದಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಫ್ರೆಂಚ್ ಯೆಹೂದಿ ಇತಿಹಾಸಕಾರ ಜೂಲ್ ಇಸಾಕ್, ಕ್ರೈಸ್ತ ಬೋಧನೆಯಲ್ಲಿ ಬೇರೂರಿದ್ದ ತಿರಸ್ಕಾರವನ್ನು ಹುಡುಕಿ ತೆಗೆಯುವುದಕ್ಕೆ ಉಳಿದ ಬದುಕನ್ನು ಕೊಟ್ಟರು. 1960ರ ಜೂನ್‌ನಲ್ಲಿ ಅವರು ಪೋಪ್ 23ನೇ ಜಾನ್ ಅವರನ್ನು ಕಂಡರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಎತಾತೆ’ ಘೋಷಣೆ ಹೊರಬಂತು: ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ, ಅವರನ್ನು ದೇವರು ಶಪಿಸಿದ ಜನ ಎಂದು ಬೋಧಿಸುವಂತಿಲ್ಲ. 1980ರ ನವೆಂಬರ್‌ನಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಒಂದು ಹೆಜ್ಜೆ ಮುಂದಿಟ್ಟು, ಯೆಹೂದ್ಯರನ್ನು ದೇವರು ಎಂದೂ ರದ್ದುಮಾಡದ ಹಳೆಯ ಒಡಂಬಡಿಕೆಯ ಜನ ಎಂದು ಕರೆದರು. ಅದೇ ವರ್ಷ ಜರ್ಮನಿಯ ರೈನ್‌ಲ್ಯಾಂಡಿನ ಪ್ರೊಟೆಸ್ಟೆಂಟ್ ಸಭೆಯ ಸಿನೋಡ್ (ಆಡಳಿತ ಮಂಡಳಿ) ಕೂಡ ಇದೇ ದಾರಿಯ ನಿರ್ಣಯ ಮಾಡಿತ್ತು. ಇಂದು ಕರ್ನಾಟಕದ ಕಥೋಲಿಕ ದೇವಾಲಯಗಳಲ್ಲಿಯೂ ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರು ದೇವರ ಒಡಂಬಡಿಕೆಗೆ ನಿಷ್ಠರಾಗಿ ಬೆಳೆಯಲಿ ಎಂದು ಬೇಡಿಕೊಳ್ಳುತ್ತಾರೆ. 1959ರವರೆಗೆ ಆ ಜಾಗದಲ್ಲಿ ಲ್ಯಾಟಿನ್ನಿನ ‘ಪೆರ್ಫಿದಿಸ್’ ಎಂಬ, ನಂಬಿಕೆಯಿಲ್ಲದವರು, ದ್ರೋಹಿಗಳು ಎಂದೆಲ್ಲ ಅರ್ಥ ಕೊಡುವ ಪದವಿತ್ತು.

ವಾದ ಅಲ್ಲಿಗೆ ನಿಲ್ಲಲಿಲ್ಲ. ರದ್ದಾಗಿಲ್ಲ ಎಂದ ಮೇಲೆ ಯೆಹೂದ್ಯರಿಗೆ ಕ್ರಿಸ್ತನ ಅಗತ್ಯವೇ ಇಲ್ಲವೇ? 2002ರಲ್ಲಿ ಅಮೆರಿಕದ ಕಥೋಲಿಕ ವಿದ್ವಾಂಸರ ಒಂದು ಬರಹ ಹೆಚ್ಚುಕಡಿಮೆ ಹಾಗೆ ಹೇಳಿದಾಗ ಕಾರ್ಡಿನಲ್ ಏವರಿ ಡಲ್ಲಸ್ ಇಬ್ರಿಯರ ಪತ್ರಿಕೆಯನ್ನು ಮುಂದಿಟ್ಟು ವಿರೋಧಿಸಿದರು. ಮೋಶೆಯ ಮೂಲಕ ಆದ ಒಡಂಬಡಿಕೆ ಯೆಹೂದ್ಯರಿಗೆ ಶಾಶ್ವತವಾಗಿ ಸಿಂಧುವಾಗಿದೆ ಎಂಬ ವಾಕ್ಯವನ್ನು ಅಮೆರಿಕದ ವಯಸ್ಕರ ಧರ್ಮೋಪದೇಶ ಗ್ರಂಥದಿಂದ ತೆಗೆಯಲು ಅಲ್ಲಿನ ಬಿಷಪರು 2008ರಲ್ಲಿ ಮತ ಹಾಕಿದರು. ವ್ಯಾಟಿಕನ್ನಿನ 2015ರ ದಾಖಲೆ ಎರಡನ್ನೂ ಹಿಡಿದುಕೊಳ್ಳುತ್ತದೆ: ರಕ್ಷಣೆಗೆ ಎರಡು ಸಮಾನಾಂತರ ದಾರಿಗಳಿಲ್ಲ, ಆದರೂ ಯೆಹೂದ್ಯರನ್ನೇ ಗುರಿಯಾಗಿಸಿದ ಸಾಂಸ್ಥಿಕ ಮಿಷನ್ ಕೆಲಸವನ್ನು ಸಭೆ ಮಾಡುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ. ಇವೆರಡೂ ಹೇಗೆ ಕೂಡುತ್ತವೆ ಎಂಬುದು ದೇವರ ರಹಸ್ಯ ಎನ್ನುತ್ತದೆ ಅದು. ಇವಾಂಜೆಲಿಕಲ್ ಸಭೆಗಳಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಸುವಾರ್ತೆ ಯೆಹೂದ್ಯರಿಗೂ ಬೇಕೆಂದು 1989ರ ವಿಲೋಬ್ಯಾಂಕ್ ಘೋಷಣೆ ಬಿಡಿಸಿ ಹೇಳಿತು. ಕ್ಯಾಲ್ವಿನ್ನನ ಹಾದಿಯವರಿಗೆ ಒಡಂಬಡಿಕೆ ಮೊದಲಿನಿಂದಲೂ ಒಂದೇ, ಬದಲಾದದ್ದು ಅದರ ನಿರ್ವಹಣೆ. 19ನೇ ಶತಮಾನದ ಬೋಧಕ ಡಾರ್ಬಿಯವರ ಬೋಧನೆಯಿಂದ, ಸ್ಕೋಫೀಲ್ಡರ ಟಿಪ್ಪಣಿಗಳಿರುವ 1909ರ ಸತ್ಯವೇದದಿಂದ ಬೆಳೆದ ಪಂಥಕ್ಕೆ ಇಸ್ರಾಯೇಲೂ ಸಭೆಯೂ ಎರಡು ಬೇರೆ ಬೇರೆ ಜನ.

ಈ ಕೊನೆಯ ಪಂಥದ ಪ್ರಭಾವ ನಮ್ಮ ಪ್ರಾರ್ಥನಾ ಕೂಟಗಳಲ್ಲಿಯೂ ಇರುವುದರಿಂದ ಒಂದು ಎಚ್ಚರಿಕೆ. ಒಡಂಬಡಿಕೆ ಉಳಿದಿದೆ ಎಂದು ನಂಬುವುದಕ್ಕೂ 1948ರಲ್ಲಿ ಸ್ಥಾಪನೆಯಾದ ಇಸ್ರೇಲ್ ರಾಷ್ಟ್ರದ ಸರ್ಕಾರ ಮಾಡಿದ್ದೆಲ್ಲಾ ಸರಿ ಎನ್ನುವುದಕ್ಕೂ ಸಂಬಂಧವಿಲ್ಲ. ಬೆತ್ಲೆಹೇಮಿನಲ್ಲಿ, ನಜರೇತಿನಲ್ಲಿ ಇಂದಿಗೂ ಆರಾಧಿಸುತ್ತಿರುವ ಪ್ಯಾಲೆಸ್ಟೀನಿಯನ್ ಕ್ರೈಸ್ತರು ಆ ವಾಗ್ದಾನವನ್ನು ತಮ್ಮ ಹೊಲಮನೆಗಳ ವಿರುದ್ಧ ಓದಿದಾಗ ಏನಾಗುತ್ತದೆಂದು ಹೇಳುತ್ತಲೇ ಬಂದಿದ್ದಾರೆ. ಅವರ ಮಾತನ್ನು ಕೇಳದೆ ಈ ಪಾಠ ಪೂರ್ಣವಾಗದು.

ಮತ್ತೆ ನಿಮ್ಮ ತರಗತಿಗೆ. ಯೆಹೂದ್ಯರು ತಮ್ಮ ಒಡಂಬಡಿಕೆಯನ್ನು ಹಳೆಯದು ಎಂದು ಎಂದೂ ಕರೆದುಕೊಂಡಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ. ಅವರ ಗ್ರಂಥಕ್ಕೆ ತನಾಖ್ ಎಂಬ ಸ್ವಂತ ಹೆಸರಿದೆ, ಅವರ ಸಬ್ಬತ್ ದಿನ ಈ ವಾರವೂ ಬರುತ್ತದೆ. ಆಮೇಲೆ ರೋಮಾಪುರದವರಿಗೆ ಬರೆದ 11ನೇ ಅಧ್ಯಾಯದ ಎಣ್ಣೆಮರವನ್ನು (ಆಲಿವ್ ಮರವನ್ನು) ಬೋರ್ಡಿನ ಮೇಲೆ ಬರೆಯಿರಿ. ಬೇರು ಯಾರದು, ಕಸಿ ಕಟ್ಟಿದ ಕಾಡುಕೊಂಬೆ ಯಾರು ಎಂದು ಮಕ್ಕಳೇ ಗುರುತಿಸಲಿ. ಮಾವಿನ ಕಸಿ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರಿಗೆ ನೀನು ಆಧಾರವಲ್ಲ, ಬೇರೇ ನಿನಗೆ ಆಧಾರ ಎಂಬ 18ನೇ ವಚನವನ್ನು ಪ್ರಶ್ನೆ ಕೇಳಿದ ಹುಡುಗಿಯಿಂದಲೇ ಓದಿಸಿ. ಯೆರೆಮೀಯನ 31ನೇ ಅಧ್ಯಾಯವನ್ನು ತೆರೆದಾಗ ದಯವಿಟ್ಟು 37ನೇ ವಚನದವರೆಗೂ ಹೋಗಿ.