ಡೋಲು ಬಾರಿಸುತ್ತಾರಲ್ಲಾ?

ಮಳೆ ಹಿಂದೆ ಸರಿದು ಕಾಡುದಾರಿ ಒಣಗಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಜಿಗಣೆ ಇದೆಯಾ, ಕಾರು ಎಲ್ಲಿವರೆಗೆ ಹೋಗುತ್ತದೆ ಎಂದೆಲ್ಲ ವಿಚಾರಿಸಿ, ಕೊನೆಗೆ ಅದೇ ಪ್ರಶ್ನೆ: "ಡೋಲು ಬಾರಿಸುತ್ತಾರಲ್ಲಾ?"

ಇಲ್ಲ ಮಾರಾಯ್ರೇ. ಕೇರಳದ ಮಂಜೇಶ್ವರ ತಾಲೂಕಿನಲ್ಲಿ ಕೊರಗರೆಂಬ ಬುಡಕಟ್ಟು ಜನರ ಮನೆಗಳಿಗೆ ಅತಿಥಿಗಳನ್ನು ಕರೆದೊಯ್ಯುವುದು ನನ್ನ ಕೆಲಸ. ಬಳ್ಳಿ ಸೀಳಿ ಕುರುವೆ, ಅಂದರೆ ಬುಟ್ಟಿ, ಹೆಣೆಯಲು ಕಲಿಸುತ್ತಾರೆ, ಗಂಜಿ ಬಡಿಸುತ್ತಾರೆ. ಡೋಲು ನನ್ನ ಪಟ್ಟಿಯಲ್ಲಿಲ್ಲ.

"ನಾವು ಕೇಳಿಯೇ ವಿಡಿಯೊ ಮಾಡಿದ್ದು, ಆಯ್ತು ಅಂದ್ರು" ಎಂದು ವಾದಿಸುವವರಿದ್ದಾರೆ. ಎಡವುವುದು ಇಲ್ಲೇ. ಜಾತ್ರೆಯೋ ಕಂಬಳವೋ, ಕರೆ ಬಂದರೆ ಕೊರಗರು ಹೋಗಿ ಡೋಲು ಬಾರಿಸಲೇಬೇಕಿತ್ತು, ಆಗುವುದಿಲ್ಲ ಎನ್ನುವಂತಿರಲಿಲ್ಲ. ಆ ಅಜಲು ಪದ್ಧತಿಯನ್ನು ಪಕ್ಕದ ಕರ್ನಾಟಕ 2000ದಲ್ಲಿ ಕಾನೂನು ತಂದು ನಿಷೇಧಿಸಿತು. ಅಂದರೆ ಈಗಿನ ಅಜ್ಜಂದಿರು 'ಇಲ್ಲ' ಎನ್ನಲು ಬಿಡದ ಕಾಲವನ್ನು ಕಂಡವರೇ. ಹತ್ತು ಜನ ಅಂಗಳದಲ್ಲಿ ಫೋನ್ ಎತ್ತಿ ನಿಂತು ಕೇಳಿದಾಗ ಅವರ ಬಾಯಿಂದ ಬರುವ 'ಆಯ್ತು' ಒಪ್ಪಿಗೆಯಲ್ಲ. ಹಿಂದಿನ ದಿನವೇ, ನೀವಿಲ್ಲದಾಗ, ಅವರಿಗೆ ಪರಿಚಯವಿರುವವರಿಂದ ಕೇಳಿಸಿ. 'ಬೇಡ' ಎಂದರೂ ಊಟದ ದುಡ್ಡು, ಬುಟ್ಟಿಯ ದುಡ್ಡು ಕಡಿಮೆಯಾಗುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಸಿ. ಫೋಟೊಕ್ಕೂ ಇದೇ ಮಾತು.

ಎಲ್ಲ ಮನೆಗಳ ಪರವಾಗಿ ಮಾತಾಡಲು ನಾನು ಯಾರು? ಖುಷಿಯಿಂದ ವೇದಿಕೆ ಏರುವ ಹುಡುಗರ ಡೋಲು ತಂಡಗಳೂ ಇವೆ. ದರ ಮಾತಾಡಿ ಕರೆಸಿ, ನಾನೂ ಬಂದು ಕೇಳುತ್ತೇನೆ. ಇನ್ನೊಂದು: ಇವರು ವಾಸಿಸುವ ಜಾಗಗಳಿಗೆ ಹೇಳುತ್ತಿದ್ದ 'ಕಾಲನಿ' ಎಂಬ ಪದವನ್ನು ಕೇರಳ ಸರಕಾರ 2024ರಲ್ಲೇ ಕಡತದಿಂದ ತೆಗೆದಿದೆ. ನಮ್ಮ ನಾಲಗೆಯಿಂದ ಇನ್ನೂ ಹೋಗಿಲ್ಲ, ನನ್ನದೂ ಸೇರಿ.

ಒಮ್ಮೆ ಬೆಂಗಳೂರಿನ ಒಂದು ಸಂಸಾರ ಬಂದಿತ್ತು. ಮಗಳು ಅಜ್ಜಿಯ ಪಕ್ಕ ಚಕ್ಕಳಮಕ್ಕಳ ಕೂತು ಹೆಣೆಯುತ್ತಿದ್ದಳು. ಅಪ್ಪ ಫೋನ್ ಹಿಡಿದು, "ಅಜ್ಜೀ, ಹಿಂದೆ ಸೊಪ್ಪು ಉಡ್ತಿದ್ರಂತಲ್ಲ, ಅದಿಲ್ವಾ?" ಎಂದರು. ಅಜ್ಜಿ ಮಾತಾಡಲಿಲ್ಲ. ಕೈಯಲ್ಲಿದ್ದ ಬಳ್ಳಿಯನ್ನು ನೀರಿನ ಬಾಲ್ದಿಗೆ ಹಾಕಿ ಒಳಗೆ ಹೋದರು. ಹುಡುಗಿ ಒಬ್ಬಳೇ ಒಂದು ಗಂಟೆ ಒದ್ದಾಡಿದಳು. ಕುರುವೆ ಒಂದು ಕಡೆಗೆ ವಾಲಿತು. ನಾವು ಹೊರಡುವ ಹೊತ್ತಿಗೆ ಅಜ್ಜಿ ಹೊರಗೆ ಬಂದು, ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಮೂರು ಸುತ್ತು ಬಿಚ್ಚಿ, ಮತ್ತೆ ಹೆಣೆದು, ಅಂಚು ಕಟ್ಟಿ ಕೊಟ್ಟರು. ಅಪ್ಪನಿಂದ 250 ರೂಪಾಯಿ ತೆಗೆದುಕೊಂಡು ಎರಡು ಸಲ ಎಣಿಸಿದರು.